ತೂತಿರುವ ಸೊಪ್ಪಿಗೆ ಔಷಧಿ ಹೊಡೆದಿಲ್ಲ ಎಂಬುದು ನಿಜವೇ?

“ಹುಳು ತಿಂದ ಸೊಪ್ಪನ್ನೇ ಕೊಳ್ಳಿ, ಅದಕ್ಕೆ ಔಷಧಿ ಹೊಡೆದಿರುವುದಿಲ್ಲ” ಎಂಬ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ತೂತು ಹೇಳುವುದು ಒಂದನ್ನೇ: ಹುಳು ಬಂದಿತ್ತು. ಅನೇಕರು ಔಷಧಿ ಹೊಡೆಯುವುದೇ ಹುಳು ಕಂಡ ಮೇಲೆ. ಹುಳು ಸಾಯುತ್ತದೆ, ತೂತು ಮುಚ್ಚುವುದಿಲ್ಲ. ಹಾಗಾಗಿ ತೂತಿರುವ ಎಲೆಯಲ್ಲೂ ಔಷಧಿಯ ಅಂಶ ಇರಬಹುದು.

ಹಾಗಾದರೆ ತೂತಿಲ್ಲದ ಸೊಪ್ಪೆಲ್ಲ ವಿಷವೇ? ಅಲ್ಲ. ಕೆಲವು ಸಣ್ಣ ತೋಟಗಳಿಗೆ ಹತ್ತಾರು ಮನೆಯವರು ಹಂಗಾಮಿನ ಆರಂಭದಲ್ಲೇ ಹಣ ಕೊಟ್ಟು, ವಾರವಾರ ತರಕಾರಿ ಬುಟ್ಟಿ ಪಡೆಯುತ್ತಾರೆ. ಔಷಧಿ ಬಳಸದ ಇಂಥ ತೋಟಗಳಲ್ಲಿ ಹುಳು ಬರುವ ಮೊದಲೇ ಕೆಲಸ ಶುರು. ಮಡಿಗೆ ಬಲೆ ಹೊದಿಸುತ್ತಾರೆ, ಎಲೆಯಡಿಯ ಮೊಟ್ಟೆಗಳನ್ನು ಕೈಯಿಂದ ತೆಗೆಯುತ್ತಾರೆ. ಎಲೆಕೋಸಿನ ಜೊತೆ ಸಾಸಿವೆ ಬೆಳೆಯುವ ಉಪಾಯವನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟಿದೆ: ನಾಟಿಗೆ 15 ದಿನ ಮೊದಲು ಒಂದು ಸಾಲು, ನಾಟಿಯಾದ 25 ದಿನಕ್ಕೆ ಇನ್ನೊಂದು. ಪತಂಗಗಳು ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತವೆ.

ಇದಕ್ಕೆಲ್ಲ ಕೂಲಿ ಬೇಕು. ಮುಂಗಡ ಹಣ ನೆರವಾಗುವುದು ಇಲ್ಲಿಯೇ. ಇಷ್ಟು ಕಷ್ಟಪಟ್ಟು ಬೆಳೆದ ಸೊಪ್ಪನ್ನು “ತೂತಿಲ್ಲ, ಅನುಮಾನ” ಎಂದು ಬಿಟ್ಟರೆ ನಷ್ಟ ಆ ರೈತರಿಗೇ.

ನಾವು ಹೇಳುವುದಿಷ್ಟು: ಎಲೆ ನೋಡಿ ತೀರ್ಮಾನಿಸಬೇಡಿ, ಬೆಳೆದವರನ್ನು ಕೇಳಿ. ಔಷಧಿ ಹೊಡೆದಿದ್ದಾರೆಯೇ? ಹೊಡೆದು ಎಷ್ಟು ದಿನಕ್ಕೆ ಕೊಯ್ದರು? ತೂತಿರಲಿ, ಇಲ್ಲದಿರಲಿ, ಸೊಪ್ಪನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಎಲ್ಲ ಔಷಧಿಯೂ ಹೋಗದಿದ್ದರೂ ಮೇಲಿನ ಅಂಶ ಕಡಿಮೆಯಾಗುತ್ತದೆ.