ಬರಗಾಲದ ಕಥನದಲ್ಲಿ ಹೆಣ್ಣುಬದುಕುಗಳ ಸಂಧಿಸ್ಥಾನ: ಗಡಿಸೀಮೆಯ ಕನ್ನಡದ ನೆಲೆಯಿಂದ ಕೆಲವು ವಿಚಾರಗಳು

ಮಂಗಳವೇಢೆಯ ದಾಮಾಜಿಪಂತರ ಕಥೆ ಸೊಲ್ಲಾಪುರ ಸೀಮೆಯ ಕನ್ನಡಿಗರಿಗೂ ಮರಾಠಿಗರಿಗೂ ಸಮಾನವಾದ ಆಸ್ತಿ. ಹದಿನೈದನೆಯ ಶತಮಾನದ ಬರದಲ್ಲಿ ಅವರು ಬೀದರದ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದರೆಂದೂ, ವಿಠ್ಠಲನೇ ಮಹಾರನ ವೇಷದಲ್ಲಿ ಹೋಗಿ ಅದರ ಹಣ ಸಲ್ಲಿಸಿದನೆಂದೂ ಭಕ್ತಿಪರಂಪರೆ ನಂಬುತ್ತದೆ. ಇಲ್ಲಿ ಕೊಟ್ಟವನಿಗೂ ಋಣ ತೀರಿಸಿದ ದೇವರಿಗೂ ಹೆಸರಿದೆ. ಉಡಿಯೊಡ್ಡಿ ಜೋಳ ಪಡೆದ ಹೆಂಗಸರಿಗೆ ಮಾತ್ರ ಹೆಸರಿಲ್ಲ. ಅವರು ಎಲ್ಲಿಂದ ನಡೆದು ಬಂದರು, ದಾರಿಯಲ್ಲಿ ಯಾರ ಜೊತೆಗೂಡಿದರು, ಯಾವ ಭಾಷೆಯಲ್ಲಿ ಬೇಡಿದರು ಎಂಬುದನ್ನು ಐತಿಹ್ಯ ಹೇಳುವುದಿಲ್ಲ. ಪ್ರಕೃತಿವಿಕೋಪದಲ್ಲಿ ಪರಸ್ಪರ ಸಂಧಿಸುವ ಸ್ತ್ರೀಯರನ್ನು ಕೇಂದ್ರವಾಗಿಸಿಕೊಂಡ ಐತಿಹಾಸಿಕ ಕಾದಂಬರಿಯ ಕೆಲಸ ಈ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ. ನಮ್ಮ ಗಡಿಸೀಮೆಯಲ್ಲಿ ಅಂಥ ಕಾದಂಬರಿಗೆ ಯಾವ ಆಕರಗಳು ಒದಗಬಲ್ಲವು, ಅವನ್ನು ಹೇಗೆ ಓದಬೇಕು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಗಳಗನಾಥರಿಂದ ಮಾಸ್ತಿ, ತ.ರಾ.ಸು. ಅವರವರೆಗೆ ಕನ್ನಡದ ಐತಿಹಾಸಿಕ ಕಾದಂಬರಿ ಪ್ರಧಾನವಾಗಿ ಅರಸೊತ್ತಿಗೆಯ ಏಳುಬೀಳುಗಳ ಸುತ್ತ ಬೆಳೆಯಿತು. ಮುತ್ತಿಗೆ, ಒಳಸಂಚು, ಪತನ ಇವು ಅದರ ಘಟನಾಕ್ರಮಕ್ಕೆ ಸಹಜವಾಗಿ ಹೊಂದಿಕೊಂಡವು. ಬರಕ್ಕೆ ಇಂಥ ನಾಟಕೀಯ ಆದಿ ಅಂತ್ಯಗಳಿಲ್ಲ. ಅದು ಮೊದಲು ಅಡುಗೆಮನೆಯನ್ನು ಪ್ರವೇಶಿಸುತ್ತದೆ: ರೊಟ್ಟಿ ಹೋಗಿ ನುಚ್ಚು, ನುಚ್ಚು ಹೋಗಿ ಅಂಬಲಿ, ಕೊನೆಗೆ ಅಡವಿಯ ಸೊಪ್ಪು. ಈ ಇಳಿತವನ್ನು ಎಲ್ಲರಿಗಿಂತ ಮೊದಲು ಅರಿಯುವವಳು ಮನೆಯೊಡತಿ. ಆದುದರಿಂದ ಬರದ ಕಥನದಲ್ಲಿ ಹೆಣ್ಣಿನ ದೃಷ್ಟಿಕೋನವು ವಸ್ತುವೇ ಬೇಡುವ ರಚನಾಕ್ರಮವಾಗಿದೆ.

ಬಂಗಾಳದ 1943ರ ಕ್ಷಾಮವನ್ನು ಕುರಿತ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಅಶನಿ ಸಂಕೇತ’ ಇದಕ್ಕೆ ಉತ್ತಮ ನಿದರ್ಶನ. ಬ್ರಾಹ್ಮಣ ಗೃಹಿಣಿ ಅನಂಗ, ಕಾಪಾಲಿ ಮನೆಯ ಸೊಸೆ, ಚಮ್ಮಾರ ಕುಲದ ಮೋತಿ ಇವರನ್ನು ಹತ್ತಿರ ತರುವುದು ಹಸಿವು. ಅವರು ಒಟ್ಟಿಗೆ ಕಾಡಿಗೆ ಹೋಗಿ ಗೆಡ್ಡೆ ಅಗೆಯುತ್ತಾರೆ. ಮೋತಿ ಹಸಿವಿನಿಂದ ಸತ್ತಾಗಲೇ ಊರು ಬರವನ್ನು ನಿಜವೆಂದು ನಂಬುತ್ತದೆ. ಕಾದಂಬರಿಕಾರರು ಈ ಸಖ್ಯವನ್ನು ಜಾತಿನಾಶದ ಸಂಭ್ರಮವನ್ನಾಗಿ ಮಾಡಿಲ್ಲ. ಮಡಿಯ ಗೆರೆ ಎಲ್ಲಿ ಸಡಿಲಾಯಿತು, ಎಲ್ಲಿ ಉಳಿಯಿತು ಎಂಬುದನ್ನು ಮಾತ್ರ ಸೂಕ್ಷ್ಮವಾಗಿ ಗುರುತಿಸುತ್ತಾರೆ.

ನಮ್ಮ ಸೀಮೆಯಲ್ಲಿ ಇಂಥ ಸಂಧಿಸ್ಥಾನ ಯಾವುದು? 1876–78ರ ಮಹಾಕ್ಷಾಮ ಸೊಲ್ಲಾಪುರ, ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಒಟ್ಟಿಗೆ ಹಿಂಡಿತು. ಸೊಲ್ಲಾಪುರ ಆಗ ಮುಂಬಯಿ ಪ್ರಾಂತದ ಜಿಲ್ಲೆ, ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ, ಅದರಾಚೆ ನಿಜಾಮನ ರಾಜ್ಯ. ಕೂಲಿ ಅರಸಿ ಹೊರಟ ಹೆಂಗಸು ಕೆಲವೇ ದಿನಗಳ ನಡಿಗೆಯಲ್ಲಿ ಮೂರು ಆಡಳಿತಗಳನ್ನು ಹಾಯಬಹುದಾಗಿತ್ತು. ಕೆರೆ, ರಸ್ತೆಗಳ ಪರಿಹಾರ ಕಾಮಗಾರಿಗಳಲ್ಲಿ ಬೇರೆಬೇರೆ ಊರು, ಜಾತಿ, ಭಾಷೆಗಳ ಜನ ಒಂದೆಡೆ ಸೇರಿದರು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ನಿಗದಿಪಡಿಸಿದ ದಿನಗೂಲಿ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ. ಹೆಣ್ಣಾಳಿಗೆ ಅದಕ್ಕಿಂತಲೂ ಕಡಿಮೆ. ಈ ಕಡಿತವನ್ನು ವಿರೋಧಿಸಿ ಕೂಲಿಕಾರರು ದೊಡ್ಡ ಸಂಖ್ಯೆಯಲ್ಲಿ ಕೆಲಸ ತೊರೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು.

ಸರ್ಕಾರಿ ದಾಖಲೆಗಳಲ್ಲಿ ಈ ಹೆಣ್ಣಾಳುಗಳು ಸಂಖ್ಯೆಗಳಾಗಿ ಉಳಿದಿದ್ದಾರೆ. ಕನ್ನಡದಲ್ಲಿ ಉಸುರಿದ ಹೆಸರು ಮರಾಠಿ ಬಲ್ಲ ಕಾರಕೂನನ ಕಿವಿಯನ್ನು ಹಾಯ್ದು ಇಂಗ್ಲಿಷ್ ವರದಿಯ ಮೊತ್ತದಲ್ಲಿ ಕರಗಿತು. ಗಡಿಸೀಮೆಯ ಕಾದಂಬರಿಕಾರನಿಗೆ ಈ ಭಾಷಾಂತರದ ಸರಪಣಿಯೇ ಕಥಾವಸ್ತುವಾಗಬಲ್ಲದು. ಒಬ್ಬರ ಮಾತು ಒಬ್ಬರಿಗೆ ಅರ್ಧವೇ ತಿಳಿಯುವ ಇಬ್ಬರು ಒಂದೇ ಬುಟ್ಟಿಯ ಮಣ್ಣು ಹೊರುವಾಗ ಸಖ್ಯ ಹೇಗೆ ಹುಟ್ಟುತ್ತದೆ ಎಂಬುದನ್ನು ಏಕಭಾಷಿಕ ಕಾದಂಬರಿ ತೋರಿಸಲಾರದು.

ಹೆಸರುಳ್ಳ ಒಂದು ಬದುಕೂ ನಮ್ಮ ಮುಂದಿದೆ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1874ರಿಂದಾಚೆಗಿನ ಕ್ಷಾಮಕಾಲದ ಅಲೆದಾಟದಲ್ಲಿ ತಂದೆ, ತಾಯಿ, ಅಕ್ಕನನ್ನು ಕಳೆದುಕೊಂಡರು. ಎರಡು ದಶಕಗಳ ಅನಂತರ, 1896–97ರ ಬರದಲ್ಲಿ, ಮಧ್ಯಪ್ರಾಂತಗಳಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ–ಸೊಲ್ಲಾಪುರ ರೈಲುಹಾದಿಯ ಕೇಡಗಾಂವದಲ್ಲಿ ಅವರಿಗೆ ‘ಮುಕ್ತಿ’ ಆಶ್ರಯವಾಯಿತು. ಉಳಿಸಿದವಳೂ ಒಮ್ಮೆ ಹಸಿದವಳೇ ಆಗಿದ್ದಳೆಂಬ ಸಂಗತಿ ದಾಮಾಜಿಯ ಐತಿಹ್ಯದಲ್ಲಿಲ್ಲದ ಸಂಬಂಧವೊಂದನ್ನು ತೆರೆದಿಡುತ್ತದೆ. ಆದರೂ ಎಚ್ಚರ ಬೇಕು: ರಮಾಬಾಯಿ ತಮ್ಮ ನೆನಪುಗಳನ್ನು ತಾವೇ ಬರೆದರು, ಅವರು ಕರೆತಂದ ಬಹುಪಾಲು ಹುಡುಗಿಯರನ್ನು ನಾವು ಅನ್ಯರ ಬರಹಗಳ ಮೂಲಕವೇ ಅರಿಯಬೇಕು.

ಇಲ್ಲಿ ಮೂರನೆಯ ಆಕರವೊಂದು ಮುಖ್ಯವಾಗುತ್ತದೆ: 1972ರ ಬರದ ಜೀವಂತ ಸ್ಮೃತಿ. 1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಅವರಲ್ಲಿ ಹೆಂಗಸರ ಪಾಲು ದೊಡ್ಡದು. ಕಲ್ಲು ಒಡೆದು ಕಡಿ ಮಾಡಿದ್ದು, ಸುಕಡಿ ತಿಂದದ್ದು, ಹೊರದೇಶದಿಂದ ಬಂದ ಕೆಂಪು ‘ಮಿಲೋ’ ಜೋಳದ ರೊಟ್ಟಿ ಬಡಿದದ್ದು ಆ ತಲೆಮಾರಿನ ಸಾಮಾನ್ಯ ಅನುಭವ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಸಲಗರ ಬುದ್ರುಕದಂಥ, ಮನೆಮಾತು ಕನ್ನಡವಾಗಿ ಕಚೇರಿಯ ಮಾತು ಮರಾಠಿಯಾದ ಊರುಗಳಲ್ಲಿ ಈ ಅನುಭವ ಕನ್ನಡದಲ್ಲಿ ನೆನಪಾಗಿ ಉಳಿದಿದೆ, ಕಡತಗಳಲ್ಲಿ ಮರಾಠಿಯಲ್ಲಿದೆ.

ಈ ನೆನಪುಗಳಿಂದ 1876ರ ಮೌನವನ್ನು ನೇರವಾಗಿ ತುಂಬಲಾಗದು. ಮೊದಲನೆಯದು ಲಕ್ಷಾಂತರ ಜನ ಸತ್ತ ವಸಾಹತುಕಾಲದ ಕ್ಷಾಮ. ಎರಡನೆಯದರಲ್ಲಿ ವ್ಯಾಪಕ ಕಾಮಗಾರಿ ಅಂಥ ಸಾವುಗಳನ್ನು ಬಹುಮಟ್ಟಿಗೆ ತಡೆಯಿತು, ಮುಂದೆ ಉದ್ಯೋಗ ಖಾತರಿ ಕಾಯಿದೆಗೂ ದಾರಿಮಾಡಿತು. ಸಾವಿನ ಭಯ, ಸರ್ಕಾರದ ಮೇಲಿನ ಹಕ್ಕಿನ ಭಾವನೆ ಇವೆರಡೂ ಒಂದು ಶತಮಾನದಲ್ಲಿ ಬದಲಾದವು. ಆದರೆ ಮೈಯ ಅರಿವು ಅಷ್ಟು ಬದಲಾಗುವುದಿಲ್ಲ: ಕಲ್ಲಿನ ಕಾವು, ಎಳೆಗೂಸನ್ನು ಮಲಗಿಸಲು ಹುಡುಕಿದ ನೆರಳು, ಪಕ್ಕದವಳಿಗೆ ಮುರಿದುಕೊಟ್ಟ ಅರ್ಧ ರೊಟ್ಟಿ, ಯಾರ ಕೊಡದ ನೀರನ್ನು ಯಾರು ಕುಡಿದರೆಂಬ ನೆನಪು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಹೆಂಗಸಿನಿಂದ ಹೆಂಗಸಿಗೆ ದಾಟಿಬಂದ ಮಾತನ್ನೇ ಆಧರಿಸಿ ಒಂದು ಶತಮಾನದ ವೈಧವ್ಯವನ್ನು ಕಾದಂಬರಿಯಾಗಿಸಿತು. ಗಡಿಸೀಮೆಯ ಬರಕ್ಕೂ ಅದೇ ಮಾರ್ಗ ಒದಗೀತು.

ಅದಕ್ಕೆ ಮೊದಲು ಆಗಬೇಕಾದದ್ದು ಸಂಗ್ರಹ. ಯಾವ ಊರಿನ ಕೆಲಸಕ್ಕೆ ಹೋದಿರಿ, ಜೊತೆಗಾರ್ತಿ ಯಾವ ಮಾತಿನವಳು, ಊಟಕ್ಕೆ ಒಟ್ಟಿಗೆ ಕುಳಿತಿರೋ ದೂರವೋ, ಬರ ತೀರಿದ ಮೇಲೆ ಆ ಗೆಳೆತನ ಉಳಿಯಿತೋ ಎಂಬಿಷ್ಟನ್ನಾದರೂ ಅಜ್ಜಿಯರನ್ನು ಅವರ ಕನ್ನಡದಲ್ಲಿಯೇ ಕೇಳಿ, ಮಾತಿನ ರೂಪ ಕೆಡದಂತೆ ದಾಖಲಿಸಬೇಕು. ಕಾದಂಬರಿ ಮುಂದಿನ ದಶಕದಲ್ಲಿಯೂ ಬರಬಹುದು; ಈ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಅಷ್ಟು ಕಾಲ ನಮ್ಮೊಡನಿರುವುದಿಲ್ಲ.