ಮುತ್ತತ್ತಿಯ ಬಿಳಿಮೀನೂ ನಮ್ಮ ಹೊಲದ ಮಣ್ಣೂ



ಮುತ್ತತ್ತಿಯ ಮಡುಗಳಲ್ಲಿ ಹಿಂದೆ ಆಳುದ್ದದ ಬಿಳಿಮೀನು ಇರುತ್ತಿತ್ತೆಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಅದು ಬರಿಯ ಬಾಯಿಮಾತಲ್ಲ. ಕಾವೇರಿಗೆ ಸೇರುವ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಗಾಳಕ್ಕೆ ಹಿಡಿದ ಇಂಥ ಮೀನೊಂದು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಅಷ್ಟು ತೂಕದ ರಾಗಿ ಮೂಟೆಯನ್ನು ಹೊರಲು ಗಟ್ಟಿ ಆಳೇ ಬೇಕು.

ಈ ಮೀನಿಗೆ ಪುಸ್ತಕದ ಹೆಸರು ಮಹಶೀರ್. ಕಾವೇರಿಯ ಸ್ವಂತ ಮಹಶೀರಿಗೆ ಬೆನ್ನಿನ ಮೇಲೆ ಗೂನು, ರೆಕ್ಕೆಗಳಿಗೆ ಕಿತ್ತಳೆಗೆಂಪು ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದು ತಾನಾಗಿ ಹುಟ್ಟಿ ಬೆಳೆದುದಲ್ಲ. ಇದು ಯಾವ ಜಾತಿಯೆಂಬುದನ್ನು ವಿಜ್ಞಾನಿಗಳು ಖಚಿತಪಡಿಸಿದುದೇ 2018ರಲ್ಲಿ. ಅದೇ ವರ್ಷ ಇದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಜಾತಿ ಖಚಿತವಾದ ಸುದ್ದಿಯೂ ಗಂಡಾಂತರದ ಸುದ್ದಿಯೂ ಒಂದೇ ವರ್ಷದಲ್ಲಿ ಬಂದವು.

“ಹಾಗಾದರೆ ಮರಿ ಮಾಡಿಸಿ ಹೊಳೆಗೆ ಬಿಟ್ಟರೆ ಆಯಿತಲ್ಲ” ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಮಹಶೀರ್ ಮರಿ ಮಾಡುವ ವಿದ್ಯೆ ಹೊಸದಲ್ಲ. ಪುಣೆಗೆ ಸಮೀಪದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದಲೇ ಈ ಕೆಲಸಕ್ಕೆ ಕೈಹಾಕಿದರು. ನಮ್ಮ ರಾಜ್ಯದಲ್ಲಿ ಕೊಡಗಿನ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯವರು ಮಾಡಿದ್ದಾರೆ. ಬಲಿತ ಹೆಣ್ಣು ಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ತತ್ತಿಯನ್ನು ಒಣಗಿದ ಬೋಗುಣಿಗೆ ತೆಗೆಯುತ್ತಾರೆ. ಗಂಡು ಮೀನಿನ ವೀರ್ಯವನ್ನು ಅದಕ್ಕೆ ಬೆರೆಸುತ್ತಾರೆ. ಆಮೇಲೆ ನೀರು ಹಾಕಿ, ತತ್ತಿಗಳನ್ನು ತಟ್ಟೆಗಳಲ್ಲಿ ಹರಡಿ, ತಿಳಿನೀರು ಸದಾ ಹರಿಯುವಂತೆ ಇಡುತ್ತಾರೆ. ಮೂರು ನಾಲ್ಕು ದಿನಕ್ಕೆ ತತ್ತಿ ಒಡೆದು ಮರಿ ಹೊರಬೀಳುತ್ತದೆ. ಕಟ್ಲಾ ರೋಹುಗಳಂತೆ ಇದು ಲಕ್ಷಗಟ್ಟಲೆ ತತ್ತಿ ಇಡುವ ಮೀನಲ್ಲ. ತತ್ತಿ ದಪ್ಪ, ಲೆಕ್ಕ ಕಡಮೆ. ಆದುದರಿಂದ ಒಂದೊಂದು ತತ್ತಿಗೂ ಬೆಲೆ ಹೆಚ್ಚು.

ತೊಡಕು ಇರುವುದು ಬೀಜದಲ್ಲಿ. ಲೋನಾವಳದಲ್ಲಿ ಹೆಚ್ಚಾಗಿ ಬೆಳೆಸಿದುದು ನೀಲಿ ರೆಕ್ಕೆಯ ಮಹಶೀರ್. ಅದು ಪುಣೆ ಸೀಮೆಯ ಹೊಳೆಯಿಂದ 1839ರಲ್ಲಿ ಹೆಸರು ಪಡೆದ ಮೀನು; ಕೃಷ್ಣೆಯ ಕಡೆಯದು. ಸದುದ್ದೇಶದಿಂದಲೇ ಅದರ ಮರಿಗಳನ್ನು ತಂದು ಕಾವೇರಿಗೂ ಬಿಟ್ಟರು. ಮುತ್ತತ್ತಿಯಿಂದ ಕೆಳಗೆ ಗಾಲಿಬೋರೆಯಲ್ಲಿ ಗಾಳಗಾರರು ಮೀನು ಹಿಡಿದು, ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡುತ್ತಿದ್ದ ಶಿಬಿರವೊಂದಿತ್ತು. 1998ರಿಂದ 2012ರವರೆಗಿನ ಆ ಲೆಕ್ಕದ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದವು. ಗೂನುಬೆನ್ನಿನವುಗಳಲ್ಲಿ ದೊಡ್ಡವು ಮಾತ್ರ ಆಗೊಂದು ಈಗೊಂದು ಸಿಕ್ಕಿದ್ದವು. ಮರಿಗಳು ಕಾಣದೇ ಹೋಗಿದ್ದವು. ಮನೆಯಲ್ಲಿ ಮುದುಕರಷ್ಟೇ ಉಳಿದು ತೊಟ್ಟಿಲು ಬರಿದಾದಂತೆ.

ಇದರ ಅರ್ಥ ನಿಮಗೆ ಬೇಗ ಹೊಳೆಯುತ್ತದೆ. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಹಾಗೆ ಕೊಡಲು ಅವರ ಕೈಯಲ್ಲಿ ತಾಯಿತಳಿ ಇತ್ತು. ನಾಟಿ ಬೀಜವೇ ಕಣಜದಲ್ಲಿ ಮುಗಿದಿದ್ದರೆ ಎಂಥ ಪಂಡಿತನೂ ಏನು ಮಾಡಿಯಾನು? ಕಾವೇರಿಯ ಗೂನುಬೆನ್ನಿನ ಮೀನಿನ ಸ್ಥಿತಿ ಈಗ ಅದೇ. ಯಾವ ಮರಿಯಾದರೂ ಸರಿ ಎಂದು ಹೊಳೆಗೆ ಸುರಿಯುವ ಉತ್ಸಾಹಕ್ಕಿಂತ, ಇರುವ ನಾಟಿ ಬೀಜವನ್ನು ಉಳಿಸುವ ತಾಳ್ಮೆ ಮೇಲೆಂದು ನನ್ನ ಅಭಿಪ್ರಾಯ.

ಅಮೆರಿಕೆಯವರೂ ಈ ಪಾಠವನ್ನು ಕಲಿತದ್ದು ದುಬಾರಿ ಬೆಲೆಗೆ. ಅಲ್ಲಿಯ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಎಂಬ ಮೀನಿದೆ. ಸಮುದ್ರದಲ್ಲಿ ಬೆಳೆದು, ತತ್ತಿ ಇಡಲು ತಾನು ಹುಟ್ಟಿದ ತೊರೆಗೇ ಮರಳಿ ಬರುತ್ತದೆ. ಕ್ಯಾಲಿಫೋರ್ನಿಯದಲ್ಲಿ 1872ರಲ್ಲೇ ಅದಕ್ಕೆ ಮರಿಕೇಂದ್ರ ತೆರೆದರು. ಮರಿ ಬಿಟ್ಟದ್ದು ಬಿಟ್ಟಂತೆಯೇ ಇತ್ತು. ತೊರೆಗಳು ಕೆಟ್ಟದ್ದರಿಂದ ಕಾಡುಮೀನು ಹಿಂದಿನಂತಾಗಲಿಲ್ಲ. ಈಗ ಅಲ್ಲಿ ಎಷ್ಟೋ ಶಾಲೆಗಳ ಮಕ್ಕಳು ತರಗತಿಯ ತೊಟ್ಟಿಯಲ್ಲಿ ಸಾಲ್ಮನ್ ತತ್ತಿ ಇಟ್ಟುಕೊಂಡು ಮರಿಯಾಗುವುದನ್ನು ನೋಡುತ್ತಾರೆ, ಜೊತೆಗೆ ತೊರೆಯ ನೀರನ್ನೂ ಪರೀಕ್ಷಿಸುತ್ತಾರೆ. ಊರಿನವರು ದಡಕ್ಕೆ ಗಿಡ ನೆಡುತ್ತಾರೆ.

ಇನ್ನು ನಮ್ಮ ಪಾಲಿನ ಮಾತು. ಮುತ್ತತ್ತಿ ಇರುವುದು ಕಾವೇರಿ ವನ್ಯಧಾಮದಲ್ಲಿ. ಅಲ್ಲಿಯ ಕಾವಲು ಅರಣ್ಯ ಇಲಾಖೆಯದು. ಕನ್ನಂಬಾಡಿಯ ಕಟ್ಟೆಯಿಂದ ಎಷ್ಟು ನೀರು ಬಿಡಬೇಕೆಂಬುದೂ ನಮ್ಮ ಕೈಯಲ್ಲಿಲ್ಲ. ಆದರೆ ಶಿಂಷಾ ನಮ್ಮದು. ದೇವರಾಯನದುರ್ಗದ ಕಡೆ ಹುಟ್ಟಿ, ಮದ್ದೂರು ಮಳವಳ್ಳಿಗಳನ್ನು ಹಾಯ್ದು, ಮುತ್ತತ್ತಿಗಿಂತ ಮೇಲೆಯೇ ಅದು ಕಾವೇರಿಗೆ ಸೇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮ ಗದ್ದೆಯಿಂದ ಬಸಿದ ನೀರು ಹಳ್ಳಕ್ಕೆ, ಹಳ್ಳದಿಂದ ಶಿಂಷೆಗೆ, ಶಿಂಷೆಯಿಂದ ಆ ಮಡುಗಳಿಗೆ ಹೋಗುತ್ತದೆ. ಸೀತಮ್ಮನ ಮೂಗುತಿ ಮುತ್ತನ್ನು ಆಂಜನೇಯ ಹೊಳೆಯಿಂದ ಎತ್ತಿಕೊಟ್ಟನೆಂದು ಮುತ್ತತ್ತಿಯ ಕಥೆ ಹೇಳುತ್ತದೆ. ಹೊಳೆಗೆ ಹೋದ ಮಣ್ಣನ್ನು ಎತ್ತಿಕೊಡುವವರು ಯಾರೂ ಇಲ್ಲ.

ಮಹಶೀರ್ ಮಳೆಗಾಲದ ಹೊಸ ನೀರಿನಲ್ಲಿ ತತ್ತಿ ಇಡುವ ಮೀನು. ತತ್ತಿ ತೇಲುವುದಿಲ್ಲ, ತಳದ ನೊರಜುಗಲ್ಲಿನ ಸಂದಿಗೆ ಇಳಿಯುತ್ತದೆ. ಕಲ್ಲಿನ ಸಂದಿಯಲ್ಲಿ ತಿಳಿನೀರು ಹರಿಯುತ್ತಿದ್ದರೆ ತತ್ತಿಗೆ ಉಸಿರು. ಅದೇ ಹೊತ್ತಿಗೆ ನಮ್ಮ ಇಳಿಜಾರು ಹೊಲದ ಗೋಡು ತೊಳೆದು ಬಂದು ಸಂದಿಯನ್ನು ಮೆತ್ತಿತೆಂದರೆ ತತ್ತಿ ಅಲ್ಲೇ ಸಾಯುತ್ತದೆ. ನಿಮಗೆ ಗೊಬ್ಬರವಾಗಬೇಕಾದ ಮಣ್ಣು ಅಲ್ಲಿ ಹೂಳು. ಎರಡು ಕಡೆಯೂ ನಷ್ಟ. ಮೀನಿನ ಮೇಲೆ ಪ್ರೀತಿ ಇಲ್ಲದವರೂ ತಮ್ಮ ಹೊಲದ ಮೇಲಿನ ಪ್ರೀತಿಯಿಂದಲಾದರೂ ಇಳಿಜಾರಿಗೆ ಅಡ್ಡಲಾಗಿ ಉತ್ತು ಬದು ಹಾಕಿರಿ. ಬದುವಿನ ಮೇಲೆ ಹುಲ್ಲು ಬೆಳೆಸಿದರೆ ದನಕ್ಕೂ ಆಯಿತು. ಹಳ್ಳದ ದಡವನ್ನು ಅಂಚಿನವರೆಗೂ ಉಳಬೇಡಿರಿ, ಹೊಂಗೆ ಮತ್ತಿ ಇದ್ದರೆ ಕಡಿಯಬೇಡಿರಿ. ಶಿಂಷೆಯ ಮರಳು ಲಾರಿ ಲಾರಿಯಾಗಿ ಹೋದುದನ್ನು ನೀವೇ ಕಂಡಿದ್ದೀರಿ. ಮರಳು ತೆಗೆದಲ್ಲಿ ದಡ ಕುಸಿಯುತ್ತದೆ, ಬಾವಿಯ ನೀರೂ ಇಳಿಯುತ್ತದೆ.

ಔಷಧಿ ಹೊಡೆದ ಮೇಲೆ ಪಂಪನ್ನು ನಾಲೆಯಲ್ಲಿ ತೊಳೆಯುವ ಅಭ್ಯಾಸ ಎಲ್ಲ ಊರಿನಲ್ಲೂ ಇದೆ. ತೊಳೆದ ನೀರನ್ನು ಅದೇ ಹೊಲದ ಬೆಳೆಗೆ ಹೊಡೆದುಬಿಡಿರಿ. ಕೃಷಿಹೊಂಡದಲ್ಲಿ ಮೀನು ಸಾಕುವವರು ಕೋಡಿಗೆ ಜಾಲರಿ ಕಟ್ಟಿರಿ, ಜಿಲೇಬಿ ಮೀನು ಹಳ್ಳಕ್ಕೆ ಜಾರದಿರಲಿ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವವರ ವಿಷಯದಲ್ಲಿ ನನಗೆ ಮೃದುಮಾತು ಬರುವುದಿಲ್ಲ. ಹತ್ತು ಕಿಲೋ ಮೀನಿಗಾಗಿ ಮಡುವಿನ ಮರಿಯೆಲ್ಲ ಸಾಯುತ್ತದೆ. ಅಂಥವರನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಊರೇ ಕಾವಲಾದರೆ ಮೀನು ಉಳಿಯುತ್ತದೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ಕಾವೇರಿಯ ದಡದ ರಾಮನಾಥಪುರದಲ್ಲೂ ತುಂಗೆಯ ಶೃಂಗೇರಿಯಲ್ಲೂ ದೇವರ ಮೀನೆಂದು ಮಹಶೀರನ್ನು ಮುಟ್ಟದೆ ಕಾಯ್ದುಕೊಂಡು ಬಂದಿದ್ದಾರೆ.

ಶಾಲೆಯ ಮೇಷ್ಟರಲ್ಲಿ ಒಂದು ಕೋರಿಕೆ. ಮಕ್ಕಳನ್ನು ಮುತ್ತತ್ತಿಯ ಹೊಳೆಗೆ ಇಳಿಸಬೇಡಿರಿ. ಅಲ್ಲಿಯ ಸುಳಿಗಳು ಎಷ್ಟು ಜೀವ ತೆಗೆದಿವೆಯೆಂಬುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಊರ ಹಳ್ಳವೇ ಸಾಕು. ಮೊಣಕಾಲು ನೀರಿನಲ್ಲಿ ಕಲ್ಲು ಮಗುಚಿದರೆ ಅಡಿಯಲ್ಲಿ ಚಪ್ಪಟೆ ಹುಳುಗಳು ಅಂಟಿಕೊಂಡಿರಬೇಕು. ಇದ್ದರೆ ನೀರು ಚೆನ್ನಾಗಿದೆಯೆಂದು ತಿಳಿಯಿರಿ. ಮುಂಗಾರಿನ ಮೊದಲ ಹದಮಳೆಗೆ ನೀವು ದಡದಲ್ಲಿ ನಿಂತು ಒಂದು ಗಾಜಿನ ಬಾಟಲಿಯಲ್ಲಿ ಹಳ್ಳದ ನೀರು ಹಿಡಿದು, ಶಾಲೆಯ ಕಿಟಕಿಯಲ್ಲಿ ರಾತ್ರಿಯೆಲ್ಲ ಇಡಿರಿ. ಬೆಳಿಗ್ಗೆ ತಳದಲ್ಲಿ ಎಷ್ಟು ಬೆರಳು ಮಣ್ಣು ನಿಂತಿದೆಯೆಂದು ಮಕ್ಕಳೇ ಅಳೆದು ಗೋಡೆಯ ಮೇಲೆ ಬರೆಯಲಿ. ಬದು ಹಾಕಿದ ವರ್ಷದಲ್ಲಿ ಮತ್ತೆ ಅದೇ ಹಳ್ಳದ, ಅದೇ ಜಾಗದ ನೀರನ್ನು ಹಿಡಿದು ಆ ಗುರುತಿನ ಪಕ್ಕದಲ್ಲೇ ಬರೆಯಿರಿ.