ಡಿಬಗರ್‌ಗೇ ಬಗ್ ಬಂದರೆ? ಜಿಡಿಬಿಯ ದುರಸ್ತಿ ಪಟ್ಟಿ ತಯಾರಾಗುವ ಬಗೆ

ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಯಾವ ವೇರಿಯಬಲ್‌ನಲ್ಲಿ ಏನಿದೆ, ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂದು ತೋರಿಸುವ ಉಪಕರಣ ಡಿಬಗರ್. ಲಿನಕ್ಸ್‌ನಲ್ಲಿ ಸಿ ಅಥವಾ ಸಿ++ ಬರೆಯುವವರಿಗೆ ಇದು ಹೆಚ್ಚಾಗಿ ಜಿಡಿಬಿ ಎಂದೇ ಪರಿಚಯ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ಇದನ್ನು ಬರೆದರು. ಇಂದು ರೆಡ್ ಹ್ಯಾಟ್, ಅಡಾಕೋರ್, ಸೂಸೆ, ಇಂಟೆಲ್‌ನಂಥ ಕಂಪನಿಗಳ ಎಂಜಿನಿಯರ್‌ಗಳೂ ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವವರೂ ಸೇರಿ ಅದನ್ನು ನಡೆಸುತ್ತಿದ್ದಾರೆ. ಇವರೆಲ್ಲರಿಗೂ ಒಬ್ಬ ಯಜಮಾನನಿಲ್ಲ. ಇಂಥ ತಿಂಗಳಿಗೆ ಇಷ್ಟು ಕೆಲಸ ಮುಗಿಯಬೇಕು ಎಂದು ಯಾರೂ ಯಾರಿಗೂ ಆಜ್ಞೆ ಮಾಡುವಂತಿಲ್ಲ.

ಹಾಗಿದ್ದರೆ ಯಾವ ದೋಷ ಮೊದಲು ಸರಿಯಾಗಬೇಕು, ಯಾವ ಸೌಲಭ್ಯ ಮುಂದಿನ ಆವೃತ್ತಿಗೆ ಬರಬೇಕು ಎಂಬುದು ತೀರ್ಮಾನವಾಗುವುದು ಹೇಗೆ? ಜಿಡಿಬಿಯಲ್ಲಿ ಇದಕ್ಕೆ ವರ್ಷದ ಯೋಜನಾಪಟ್ಟಿಗಿಂತ ಮುಖ್ಯವಾದವು ಎರಡು. ಡಿಬಗರ್ ತಪ್ಪು ಮಾಹಿತಿ ಕೊಡುತ್ತಿದೆಯೇ ಎಂಬ ಪ್ರಶ್ನೆ ಒಂದು. ಆ ದೋಷವನ್ನು ಹಿಡಿದು ತೋರಿಸುವ ಪರೀಕ್ಷೆ ಇನ್ನೊಂದು.

ತೊಂದರೆಯ ಮೂರು ಮೂಲಗಳು

ಜಿಡಿಬಿ ಸ್ವಂತವಾಗಿ ತಿಳಿದುಕೊಂಡಿರುವುದು ಕಡಿಮೆ, ಕೇಳಿ ತಿಳಿಯುವುದೇ ಹೆಚ್ಚು. ಮೊದಲು ಅದು ಕೇಳುವುದು ಆಪರೇಟಿಂಗ್ ಸಿಸ್ಟಂ ಅನ್ನು. ಲಿನಕ್ಸ್‌ನಲ್ಲಿ ಪಿಟ್ರೇಸ್ ಎಂಬ ಸಿಸ್ಟಂ ಕಾಲ್ ಬಳಸಿ ಒಂದು ಪ್ರೋಸೆಸ್ ಇನ್ನೊಂದನ್ನು ನಿಲ್ಲಿಸಬಹುದು, ಅದರ ಮೆಮೊರಿಯನ್ನೂ ರಿಜಿಸ್ಟರ್‌ಗಳನ್ನೂ ಓದಬಹುದು, ತಿದ್ದಬಹುದು.

ಎರಡನೆಯದು ಪ್ರೊಸೆಸರ್. ಇಂಟೆಲ್, ಎಎಂಡಿ ಚಿಪ್‌ಗಳಲ್ಲಿ ಬ್ರೇಕ್‌ಪಾಯಿಂಟ್ ಹಾಕಿದಾಗ ಜಿಡಿಬಿ ಆ ಜಾಗದ ಮೊದಲ ಬೈಟನ್ನು ಎತ್ತಿಟ್ಟುಕೊಂಡು ಅಲ್ಲಿ 204 ಎಂಬ ಸಂಖ್ಯೆಯನ್ನು ಬರೆಯುತ್ತದೆ. ಪ್ರೊಸೆಸರ್‌ಗೆ ಅದು ನಿಲ್ಲುವ ಸೂಚನೆ. ಮುಂದೆ ಹೋಗಬೇಕಾದಾಗ ಮೂಲ ಸೂಚನೆಯನ್ನು ಒಮ್ಮೆ ಓಡಿಸಿಯೇ ತೀರಬೇಕು. ಅದಕ್ಕಾಗಿ ಹಳೆಯ ಬೈಟನ್ನು ಮರಳಿ ಇಟ್ಟ ಕ್ಷಣದಲ್ಲಿ ಬೇರೆ ಥ್ರೆಡ್‌ಗಳು ಓಡುತ್ತಿದ್ದರೆ, ಅವು ಬ್ರೇಕ್‌ಪಾಯಿಂಟ್‌ಗೆ ಸಿಗದೆ ದಾಟಿಹೋಗಬಹುದು. ಆದ್ದರಿಂದ ಒಂದೋ ಉಳಿದ ಥ್ರೆಡ್‌ಗಳನ್ನು ನಿಲ್ಲಿಸಬೇಕು, ಇಲ್ಲವೇ ಆ ಸೂಚನೆಯ ನಕಲನ್ನು ಬೇರೆ ಜಾಗದಲ್ಲಿ ಓಡಿಸಬೇಕು. ಡಿಬಗರ್‌ನ ಅತಿ ಕಷ್ಟದ ಬಗ್‌ಗಳಲ್ಲಿ ಹಲವು ಹುಟ್ಟುವುದು ಇಂಥ ಸಂದಿಗಳಲ್ಲೇ.

ಮೂರನೆಯದು ಕಂಪೈಲರ್. ಈ ವೇರಿಯಬಲ್ ಈ ಸಾಲಿನಿಂದ ಆ ಸಾಲಿನವರೆಗೆ ಇಂಥ ರಿಜಿಸ್ಟರ್‌ನಲ್ಲಿರುತ್ತದೆ ಎಂಬಂಥ ವಿವರಗಳನ್ನು ಕಂಪೈಲರ್ ಡ್ವಾರ್ಫ್ ಎಂಬ ಮಾದರಿಯಲ್ಲಿ ಬರೆದಿಡುತ್ತದೆ. ಆ ವಿವರ ತಪ್ಪಿದ್ದರೆ ಜಿಡಿಬಿಯ ಉತ್ತರವೂ ತಪ್ಪುತ್ತದೆ. ಹೀಗಾಗಿ ಯಾವುದೇ ದೂರು ಬಂದಾಗ ಮೊದಲ ಕೆಲಸ, ದೋಷ ಈ ಮೂರರಲ್ಲಿ ಎಲ್ಲಿಯದು, ಅಥವಾ ಜಿಡಿಬಿಯದೇ ಹೌದೇ ಎಂದು ಬಿಡಿಸಿ ನೋಡುವುದು.

ದೂರನ್ನು ಸೋಸುವುದು

ಜಿಡಿಬಿಯ ದೂರುಗಳು ಸೇರುವುದು ಸೋರ್ಸ್‌ವೇರ್‌ನ ಬಗ್‌ಜಿಲ್ಲಾ ದಾಖಲೆಯಲ್ಲಿ. ಪ್ರತಿ ದೂರಿಗೂ ಒಂದು ಸಂಖ್ಯೆ ಸಿಗುತ್ತದೆ, ಮುಂದೆ ಎಲ್ಲ ಚರ್ಚೆಯೂ ಅದೇ ಸಂಖ್ಯೆಯ ಮೇಲೆ ನಡೆಯುತ್ತದೆ. ‘ಜಿಡಿಬಿ ಕ್ರ್ಯಾಶ್ ಆಗುತ್ತಿದೆ’ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು. ಆವೃತ್ತಿ, ಕಂಪೈಲರ್, ಕೊಟ್ಟ ಆದೇಶಗಳ ಕ್ರಮ, ನಿರೀಕ್ಷಿಸಿದ ಉತ್ತರ, ಬಂದ ಉತ್ತರ ಇಷ್ಟೂ ಇರಬೇಕು. ಇದೆಲ್ಲಕ್ಕಿಂತ ಉಪಯುಕ್ತವಾದದ್ದು ದೋಷವನ್ನು ಮರುಕಳಿಸಿ ತೋರಿಸುವ ಪುಟ್ಟ ಪ್ರೋಗ್ರಾಮ್. ಲಕ್ಷ ಸಾಲಿನ ಕೋಡಿನಲ್ಲಿ ಕಂಡ ತೊಂದರೆಯನ್ನು ಇಪ್ಪತ್ತು ಸಾಲಿಗೆ ಇಳಿಸಿದವರು ಅರ್ಧ ದುರಸ್ತಿ ಮಾಡಿದಂತೆಯೇ.

ಎಲ್ಲ ದೂರೂ ಬಗ್ ಆಗಿರುವುದಿಲ್ಲ. ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ‘ಕ’ ಅಕ್ಷರವಿರುವ ಸ್ಟ್ರಿಂಗನ್ನು ಪ್ರಿಂಟ್ ಮಾಡಿಸಿದಾಗ \340\262\225 ಎಂದು ಬರುವುದನ್ನು ನೋಡಿರಬಹುದು. ಯುಟಿಎಫ್-8ರಲ್ಲಿ ‘ಕ’ ಮೂರು ಬೈಟ್‌ಗಳ ಅಕ್ಷರ. ಟರ್ಮಿನಲ್‌ನ ಲೊಕೇಲ್ ಯುಟಿಎಫ್-8 ಆಗಿಲ್ಲದಿದ್ದರೆ ಜಿಡಿಬಿ ಆ ಮೂರನ್ನೂ ಆಕ್ಟಲ್ ಸಂಖ್ಯೆಗಳಾಗಿ ತೋರಿಸುತ್ತದೆ. ಹೋಸ್ಟ್ ಕ್ಯಾರ್‌ಸೆಟ್ ಯಾವುದಿದೆ ಎಂದು ನೋಡಿ ಯುಟಿಎಫ್-8ಕ್ಕೆ ಬದಲಿಸಿದರೆ ಅಕ್ಷರ ಕಾಣುತ್ತದೆ. ಇಲ್ಲಿ ಕೋಡ್ ತಿದ್ದಬೇಕಾಗಿಲ್ಲ. ಕೈಪಿಡಿಯಲ್ಲಿ ವಿವರಣೆ ಸಾಲದಾಗಿದ್ದರೆ ಅದನ್ನು ಬೆಳೆಸಬಹುದು, ಅದೂ ಸುಧಾರಣೆಯೇ.

ಹಿಂದೆ ಸರಿಯಿದ್ದದ್ದು ಈಗ ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ನೆರವಿಗೆ ಬರುತ್ತದೆ. ಸರಿಯಿದ್ದ ಕಮಿಟ್‌ಗೂ ಕೆಟ್ಟ ಕಮಿಟ್‌ಗೂ ನಡುವಿನ ಸಾಲನ್ನು ಅದು ಪ್ರತಿ ಸಲ ಅರ್ಧಕ್ಕೆ ಕತ್ತರಿಸುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು ಹತ್ತು ಸಲ ಬಿಲ್ಡ್ ಮಾಡಿದರೆ ತಪ್ಪು ನುಸುಳಿದ ಜಾಗ ಸಿಕ್ಕಿಬಿಡುತ್ತದೆ.

ಯಾವುದು ಮೊದಲು?

ಸಾಮಾನ್ಯ ತಂತ್ರಾಂಶದಲ್ಲಿ ಕ್ರ್ಯಾಶ್ ಎಂದರೆ ದೊಡ್ಡ ದೋಷ. ಡಿಬಗರ್‌ನಲ್ಲಿ ಅದಕ್ಕಿಂತ ಕೆಟ್ಟದ್ದು ತಪ್ಪು ಮೌಲ್ಯವನ್ನು ಸರಿಯೆಂಬಂತೆ ತೋರಿಸುವುದು. ಕ್ರ್ಯಾಶ್ ಆದರೆ ಬಳಸುವವರಿಗೆ ಗೊತ್ತಾಗುತ್ತದೆ. ತಕ್ಕಡಿಯೇ ಮೋಸ ಮಾಡಿದರೆ ಸಾಮಾನು ತೂಗಿಕೊಂಡವನಿಗೆ ಗೊತ್ತಾಗುವುದಿಲ್ಲ: ಹಾಗೆಯೇ ಡಿಬಗರನ್ನು ನಂಬಿದವನು ಇಲ್ಲದ ತಪ್ಪನ್ನು ತನ್ನ ಕೋಡಿನಲ್ಲಿ ಹುಡುಕುತ್ತ ದಿನಗಟ್ಟಲೆ ಕಳೆಯಬಹುದು. ಕಂಪೈಲರ್ ಆಪ್ಟಿಮೈಸ್ ಮಾಡಿ ತೆಗೆದುಹಾಕಿದ ವೇರಿಯಬಲ್‌ಗೆ ಜಿಡಿಬಿ ಯಾವುದೋ ಅಂದಾಜು ಸಂಖ್ಯೆ ಕೊಡದೆ ‘ಆಪ್ಟಿಮೈಸ್ಡ್ ಔಟ್’ ಎಂದು ಹೇಳಿ ಕೈಬಿಡುವುದು ಇದೇ ಕಾರಣಕ್ಕೆ.

ಇದೇ ದೃಷ್ಟಿಯಿಂದ ನೋಡಿದರೆ ಕೆಲವು ಕೊರತೆಗಳು ವರ್ಷಗಟ್ಟಲೆ ಉಳಿಯುವುದೂ ಅರ್ಥವಾಗುತ್ತದೆ. ಪ್ರೋಗ್ರಾಮನ್ನು ಹಿಮ್ಮುಖವಾಗಿ ಓಡಿಸಿ ನೋಡುವ ಸೌಲಭ್ಯ 2009ರ 7.0 ಆವೃತ್ತಿಯಲ್ಲಿ ಬಂತು. ಇದಕ್ಕಾಗಿ ಜಿಡಿಬಿ ಪ್ರತಿ ಸೂಚನೆಯೂ ಏನನ್ನು ಬದಲಿಸುತ್ತದೆ ಎಂದು ದಾಖಲಿಸಿಕೊಳ್ಳಬೇಕು. ಪ್ರೊಸೆಸರ್‌ಗಳಿಗೆ ಆಮೇಲೆ ಬಂದ ಎವಿಎಕ್ಸ್ ಸೂಚನೆಗಳು ಅದಕ್ಕೆ ಗೊತ್ತಿರಲಿಲ್ಲ. ಅವುಗಳನ್ನು ಕಂಡರೆ ‘ಈ ಸೂಚನೆ ನನಗೆ ತಿಳಿಯದು’ ಎಂಬ ಅರ್ಥದ ಸಂದೇಶ ಕೊಟ್ಟು ನಿಲ್ಲುತ್ತಿತ್ತು. ಬಳಸುವವರಿಗೆ ಕಿರಿಕಿರಿ ನಿಜ, ಆದರೆ ಉತ್ತರ ಪ್ರಾಮಾಣಿಕ. ಸೂಚನೆಗಳೋ ನೂರಾರು. ಯಾರಾದರೂ ಹೊತ್ತುಕೊಂಡು ಕಂತುಕಂತಾಗಿ ಮುಗಿಸಬೇಕಾದ ಕೆಲಸ ಅದು.

ಹೊಸದಾಗಿ ಕೆಟ್ಟದ್ದಕ್ಕೆ ಹಳೆಯ ಕೊರತೆಗಿಂತ ಹೆಚ್ಚಿನ ಆದ್ಯತೆ. ಹಿಂದಿನ ಆವೃತ್ತಿಯಲ್ಲಿ ನಡೆಯುತ್ತಿದ್ದದ್ದು ಹೊಸದರಲ್ಲಿ ನಿಂತರೆ, ಅದನ್ನು ಬಿಡುಗಡೆ ತಡೆಯುವ ದೋಷವೆಂದು ಗುರುತು ಹಾಕಬಹುದು. ನಿಧಾನ, ಹೊಸ ಸೌಲಭ್ಯ ಇವೆಲ್ಲ ಆಮೇಲಿನ ಮಾತು.

ಪರೀಕ್ಷೆಯೇ ಪಟ್ಟಿ

ಜಿಡಿಬಿಯ ಪರೀಕ್ಷೆಗಳು ಡೇಜಾಗ್ನೂ ಎಂಬ ಚೌಕಟ್ಟಿನಲ್ಲಿ, ಟಿಸಿಎಲ್ ಭಾಷೆಯಲ್ಲಿ ಬರೆದವು. ಪರೀಕ್ಷೆ ಒಂದು ಪುಟ್ಟ ಪ್ರೋಗ್ರಾಮನ್ನು ಜಿಡಿಬಿಯೊಳಗೆ ಓಡಿಸಿ, ಆದೇಶ ಕೊಟ್ಟು, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ಹೋಲಿಸುತ್ತದೆ. ಪಾಸ್, ಫೇಲ್ ಅಲ್ಲದೆ ಇರುವ ಗುರುತುಗಳಲ್ಲಿ ಎರಡು ಇಲ್ಲಿ ಮುಖ್ಯ. ಕಂಪೈಲರ್ ಅಥವಾ ಆಪರೇಟಿಂಗ್ ಸಿಸ್ಟಂ ದೋಷದಿಂದ ಸೋಲುವುದು ಎಕ್ಸ್‌ಫೇಲ್. ಜಿಡಿಬಿಯದೇ ದೋಷವೆಂದು ಗೊತ್ತಿದ್ದೂ ಇನ್ನೂ ಸರಿಯಾಗದೆ ಉಳಿದದ್ದು ಕೆಫೇಲ್, ಅದರ ಪಕ್ಕದಲ್ಲಿ ದೂರಿನ ಸಂಖ್ಯೆ ಇರುತ್ತದೆ. ಯಾವಾಗಲೋ ಯಾರೋ ದುರಸ್ತಿ ಮಾಡಿದ ದಿನ ಆ ಗುರುತನ್ನು ತೆಗೆಯುತ್ತಾರೆ.

ತೊಡಕಿನವು ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್ ಆಗುವ ಪರೀಕ್ಷೆಗಳು. ಥ್ರೆಡ್‌ಗಳ ಸಮಯ ಹೊಂದಾಣಿಕೆ ತಪ್ಪಿದಾಗ ಹೀಗಾಗುತ್ತದೆ. ಇವುಗಳನ್ನು ಕಡೆಗಣಿಸಿದರೆ ನಿಜವಾದ ಸೋಲೂ ಗದ್ದಲದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಪರೀಕ್ಷೆಯನ್ನೇ ಸರಿಪಡಿಸುವುದು ಕೂಡ ಪಟ್ಟಿಯಲ್ಲಿ ಸೇರುವ ಕೆಲಸ. ನೇರವಾಗಿ ಓಡಿಸಿದಾಗ ಪಾಸಾದದ್ದು ದೂರದ ಯಂತ್ರಕ್ಕಾಗಿ ಇರುವ ಜಿಡಿಬಿಸರ್ವರ್ ಮೂಲಕ ಸೋಲಬಹುದು. ಹಾಗಾಗಿ ಎರಡೂ ಬಗೆಯಲ್ಲಿ ಓಡಿಸಿ ನೋಡುವುದು ವಾಡಿಕೆ.

ದೊಡ್ಡ ಬದಲಾವಣೆ, ಸಣ್ಣ ತುಂಡು

ಮೂಲದಲ್ಲಿ ಸಿ ಭಾಷೆಯಲ್ಲಿದ್ದ ಜಿಡಿಬಿಯನ್ನು ಸಿ++ಗೆ ಒಯ್ದದ್ದು ಯೋಜನೆಯ ಒಳ್ಳೆಯ ಉದಾಹರಣೆ. ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಲಿಲ್ಲ. 2016ರ 7.12 ಆವೃತ್ತಿಯ ಹೊತ್ತಿಗೆ ಅದೇ ಕೋಡ್ ಸಿ++ ಕಂಪೈಲರ್‌ನಲ್ಲೂ ಬಿಲ್ಡ್ ಆಗುವಂತೆ ಮಾಡಿದರು. 2017ರ 8.0ರಲ್ಲಿ ಸಿ++11 ಕಡ್ಡಾಯವಾಯಿತು. ಕೈಯಿಂದ ಮಾಡುತ್ತಿದ್ದ ಮೆಮೊರಿ ನಿರ್ವಹಣೆಯನ್ನು ಭಾಷೆಯ ಸೌಕರ್ಯಗಳಿಗೆ ಒಪ್ಪಿಸುವ ಕೆಲಸ ಆಮೇಲೆ ಕಡತದಿಂದ ಕಡತಕ್ಕೆ ನಡೆಯಿತು. ಈ ನಡುವೆ ಜಿಡಿಬಿ ಕೆಲಸ ನಿಲ್ಲಿಸಲಿಲ್ಲ.

ಹಳೆಯದನ್ನು ತೆಗೆಯುವಾಗ ಮುಂಚಿತವಾಗಿ ಹೇಳಿ ತೆಗೆಯುತ್ತಾರೆ. ಪೈಥಾನ್ 2ರೊಡನೆ ಬಿಲ್ಡ್ ಮಾಡಲು ಬರುವ ಕೊನೆಯ ಆವೃತ್ತಿ 12 ಎಂದು ಆ ಆವೃತ್ತಿಯಲ್ಲೇ ಪ್ರಕಟಿಸಿ, 13ರಲ್ಲಿ ಅದನ್ನು ಕೈಬಿಟ್ಟರು. ಜಿಡಿಬಿಯನ್ನು ನಂಬಿ ಎಡಿಟರ್‌ಗಳನ್ನೂ ಸ್ಕ್ರಿಪ್ಟ್‌ಗಳನ್ನೂ ಬರೆದವರಿಗೆ ಒಂದು ಆವೃತ್ತಿಯಷ್ಟು ಕಾಲಾವಕಾಶ ಸಿಕ್ಕಿತು.

ಬಿಡುಗಡೆಯ ಗಡುವು

ಕೆಲಸ ಎಂದಿಗೂ ಮುಗಿಯುವಂಥದಲ್ಲ. ಆದ್ದರಿಂದ ಎಲ್ಲಿಯಾದರೂ ಗೆರೆ ಎಳೆಯಬೇಕು. ಮುಖ್ಯ ಕೋಡಿನಿಂದ ಒಂದು ಬ್ರಾಂಚ್ ಕವಲೊಡೆದಾಗ ಆ ಗೆರೆ ಬೀಳುತ್ತದೆ. ಹೊಸ ಸೌಲಭ್ಯಗಳು ಅಲ್ಲಿಂದ ಮುಂದೆ ಮುಖ್ಯ ಕೋಡಿಗೆ ಮಾತ್ರ. ಬ್ರಾಂಚ್‌ಗೆ ಹೋಗುವುದು ಆಯ್ದ ದುರಸ್ತಿಗಳಷ್ಟೇ, ಅವೂ ಸಾಮಾನ್ಯವಾಗಿ ಮುಖ್ಯ ಕೋಡಿನಲ್ಲಿ ಸೇರಿದ ಮೇಲೆ. ಪೂರ್ವ ಬಿಡುಗಡೆಗೆ 15.0.90ರಂಥ ಸಂಖ್ಯೆ, ನಿಜವಾದ ಬಿಡುಗಡೆಗೆ 15.1, ಆಮೇಲಿನ ತಿದ್ದುಪಡಿಗೆ 15.2. ಬಿಡುಗಡೆ ನೋಡಿಕೊಳ್ಳುವವರು ತಡೆಯೊಡ್ಡಿರುವ ದೋಷಗಳ ಪಟ್ಟಿಯನ್ನು ಎಲ್ಲರ ಮುಂದಿಡುತ್ತಾರೆ. ಒಂದೊಂದನ್ನೂ ಯಾರಾದರೂ ಸರಿಪಡಿಸಬೇಕು, ಇಲ್ಲವೇ ಇದು ಮುಂದಿನ ಸಲಕ್ಕಿರಲಿ ಎಂದು ಒಪ್ಪಬೇಕು. 14.1 ಬಂದದ್ದು 2023ರ ಡಿಸೆಂಬರ್‌ನಲ್ಲಿ, 15.1 ಬಂದದ್ದು 2024ರ ಜುಲೈನಲ್ಲಿ.

ನೀವು ಕೈಹಾಕುವುದಾದರೆ

ಮೊದಲು ಕೋಡನ್ನು ಬಿಲ್ಡ್ ಮಾಡಿ, ಏನೂ ತಿದ್ದದೆ ಪರೀಕ್ಷೆಗಳನ್ನು ಓಡಿಸಿ, ಫಲಿತಾಂಶ ಇಟ್ಟುಕೊಳ್ಳಿ. ನಿಮ್ಮ ಬದಲಾವಣೆಯಿಂದ ಏನು ಕೆಟ್ಟಿತು ಎಂದು ತಿಳಿಯಲು ಅದೊಂದೇ ದಾರಿ. ಆರಂಭಕ್ಕೆ ಕೆಫೇಲ್ ಗುರುತಿನ ಪರೀಕ್ಷೆಯೊಂದನ್ನು ಆರಿಸಿ: ದೋಷ ಯಾವುದು, ಸರಿಯಾದ ಉತ್ತರ ಯಾವುದು ಎಂಬುದನ್ನು ಬೇರೆಯವರು ಆಗಲೇ ಬರೆದಿಟ್ಟಿರುತ್ತಾರೆ.

ಪ್ಯಾಚ್ ಕಳಿಸುವಾಗ ಒಂದು ಪ್ಯಾಚ್‌ಗೆ ಒಂದೇ ವಿಷಯವಿರಲಿ. ಏನು ಬದಲಿಸಿದಿರಿ ಎಂಬುದು ಕೋಡಿನಲ್ಲೇ ಕಾಣುತ್ತದೆ. ಏಕೆ ಬದಲಿಸಿದಿರಿ ಎಂಬುದನ್ನು ಕಮಿಟ್ ಸಂದೇಶದಲ್ಲಿ ಬರೆಯಿರಿ. ಜೊತೆಗೆ ಪರೀಕ್ಷೆ ಇರಲಿ, ಬಳಸುವವರಿಗೆ ಕಾಣುವ ಬದಲಾವಣೆಯಾದರೆ ಕೈಪಿಡಿಯ ತಿದ್ದುಪಡಿಯೂ ಇರಲಿ. ಕಾಗುಣಿತದ ತಪ್ಪಿನಂಥ, ಯಾರೂ ತಕರಾರು ತೆಗೆಯಲಾಗದ ತಿದ್ದುಪಡಿಗಳನ್ನು ಕೋಡ್ ಸೇರಿಸುವ ಅಧಿಕಾರವುಳ್ಳವರು ಅನುಮತಿ ಕೇಳದೆಯೇ ಸೇರಿಸಬಹುದೆಂಬ ನಿಯಮವಿದೆ. ಮಿಕ್ಕದ್ದಕ್ಕೆಲ್ಲ ಕೋಡಿನ ಹೊಣೆ ಹೊತ್ತ ಮೇಂಟೇನರ್ ಒಪ್ಪಿಗೆ ಬೇಕು. ದೊಡ್ಡ ಕೊಡುಗೆಯಾದರೆ ಕೃತಿಸ್ವಾಮ್ಯದ ಕಾಗದಪತ್ರಕ್ಕೆ ಸಮಯ ಹಿಡಿಯಬಹುದು, ಅದನ್ನು ಮೊದಲೇ ವಿಚಾರಿಸಿ. ಒಂದೆರಡು ವಾರ ಉತ್ತರ ಬಾರದಿದ್ದರೆ ವಿನಯದಿಂದ ನೆನಪಿಸಿ. ಓದುವವರಿಗೂ ಬೇರೆ ಕೆಲಸಗಳಿವೆ, ನಿಮ್ಮ ಪ್ಯಾಚ್ ಚಿಕ್ಕದಾಗಿದ್ದಷ್ಟೂ ಅವರಿಗೆ ಬಿಡುವು ಬೇಗ ಸಿಗುತ್ತದೆ.